ನಲವತ್ತು ನಿಮಿಷದ ನೀಲಿ

ಮಾರ್ಚ್ ೩, ಸೋಮವಾರ

ಕೊನೆಗೂ ಒಳಗೆ ಹೋದೆ. ಸಂಶೋಧನಾ ಮಂಡಳಿಯವರ ಜಾಲತಾಣದ ಬಾಗಿಲು ದಾಟಲು ಎರಡು ದಿನ, ಮೂರು ಪಾಸ್‌ವರ್ಡು, ಮಗಳಿಗೆ ನಾಲ್ಕು ಫೋನು ಬೇಕಾಯಿತು. ಪಾಸ್‌ವರ್ಡಿನಲ್ಲಿ ಅಂಕಿ ಇರಬೇಕಂತೆ, ಚಿಹ್ನೆ ಇರಬೇಕಂತೆ, ಮನೆಯವರ ಹೆಸರು ಮಾತ್ರ ಇರಬಾರದಂತೆ. ಮತ್ತೆ ಇನ್ನೇನು ನೆನಪಿರುತ್ತದೆ ನನಗೆ?

ನಿವೃತ್ತಳಾಗಿ ಆರು ವರ್ಷವಾದ ಮೇಲೆ ಮಂಡಳಿಗೆ ನನ್ನ ನೆನಪು ಬಂದಿದೆ. ಹನ್ನೆರಡು ಅರ್ಜಿ. ಓದಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಯಾವುದಕ್ಕೆ ಅನುದಾನ ಕೊಡಬಹುದೆಂದು ತಿಂಗಳ ಕೊನೆಯೊಳಗೆ ಹೇಳಬೇಕು. ಅರ್ಜಿದಾರರ ಹೆಸರು ನನಗೆ ಕಾಣುವುದಿಲ್ಲ, ನನ್ನ ಹೆಸರು ಅವರಿಗೆ ಕಾಣುವುದಿಲ್ಲ. ಆದರೆ ಪ್ರತಿ ಪುಟದ ಮೇಲೂ ಅಡ್ಡಲಾಗಿ ‘ಗೌಪ್ಯ’ ಎಂದು, ಅದರ ಕೆಳಗೆ ನನ್ನ ಹೆಸರು, ತೆಳು ಬೂದು ಅಕ್ಷರದಲ್ಲಿ ಬಿದ್ದಿದೆ. ಸೋರಿದರೆ ಯಾರಿಂದ ಸೋರಿತೆಂದು ಗೊತ್ತಾಗಲಿ ಎಂದು. ಪ್ರಿಂಟ್ ತೆಗೆಯುವಂತಿಲ್ಲ, ಯಾರಿಗೂ ತೋರಿಸುವಂತಿಲ್ಲ, ಯಾರೊಂದಿಗೂ ಮಾತಾಡುವಂತಿಲ್ಲ. ಇಪ್ಪತ್ತು ನಿಮಿಷ ಕೈ ಆಡಿಸದೆ ಕೂತರೆ ಕತ್ತು ಹಿಡಿದು ಹೊರಗೆ ಹಾಕುತ್ತದೆ. ಇವತ್ತು ಎರಡು ಸಲ ಹಾಕಿತು. ಒಂದು ಸಲ ಕನ್ನಡಕ ಹುಡುಕುತ್ತಿದ್ದೆ, ಇನ್ನೊಂದು ಸಲ ಯೋಚಿಸುತ್ತಿದ್ದೆ. ಯೋಚಿಸುವವರಿಗೆ ಇಲ್ಲಿ ಜಾಗವಿಲ್ಲ ಎಂದಾಯಿತು.

ಅರ್ಜಿ ತೆರೆಯುವ ಮೊದಲೇ ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ: ‘ಇದರಲ್ಲಿ ನಿಮ್ಮ ಸ್ವಂತ ಹಿತಾಸಕ್ತಿ ಏನಾದರೂ ಇದೆಯೇ?’ ಇಲ್ಲ ಎನ್ನದೆ ಬಾಗಿಲು ತೆಗೆಯುವುದಿಲ್ಲ. ಒಳಗೇನಿದೆ ಎಂದು ನೋಡದೆ ಇಲ್ಲ ಎನ್ನುವುದು ಹೇಗೆ? ಹನ್ನೆರಡಕ್ಕೂ ಟಪಟಪನೆ ‘ಇಲ್ಲ’ ಒತ್ತಿದೆ. ಕೆಲಸ ಸಾಗಬೇಕಲ್ಲ.

ಹಿಂದೆ ಕೆಂಪು ದಾರ ಕಟ್ಟಿದ ಕಂತೆಗಳು ಮನೆಗೆ ಬರುತ್ತಿದ್ದವು. ಇವರಿಗೊಂದು, ನನಗೊಂದು. ಒಬ್ಬರದ್ದನ್ನು ಒಬ್ಬರು ನೋಡಬಾರದೆಂದು ಊಟದ ಮೇಜಿನ ನಡುವೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಓದುತ್ತಿದ್ದೆವು. ಬುಟ್ಟಿಯ ಆಚೆಯಿಂದ ಇವರ ಪೆನ್ಸಿಲ್ಲಿನ ಸದ್ದು ಕೇಳಿದರೆ, ಯಾರಿಗೋ ಒಳ್ಳೆಯ ಅಂಕ ಬಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ಕಡಿಮೆ ಅಂಕವನ್ನು ಇವರು ಸದ್ದಿಲ್ಲದೆ ಬರೆಯುತ್ತಿದ್ದರು. ಇವರು ಹೋಗಿ ನಾಲ್ಕು ವರ್ಷ. ಅಂಥ ಮನುಷ್ಯ ಮತ್ತೆ ಹುಟ್ಟುವುದಿಲ್ಲ.

ಮಾರ್ಚ್ ೪, ಮಂಗಳವಾರ

ಎರಡು ಓದಿದೆ. ಎರಡನೆಯದರಲ್ಲಿ ‘ಪರಿವರ್ತನಕಾರಿ’ ಎಂಬ ಮಾತು ಹತ್ತೊಂಬತ್ತು ಸಲ ಬಂದಿದೆ. ಎಣಿಸಿದ್ದೇನೆ. ನಾಲ್ಕು ಅಂಕ. ಕಣ್ಣು ಉರಿ.

ಮಾರ್ಚ್ ೭, ಶುಕ್ರವಾರ

ಏಳನೆಯ ಅರ್ಜಿ ತೆರೆದೆ. ಬೇರಿನ ಶಿಲೀಂಧ್ರದ ಮೇಲಿನದು. ನನ್ನದೇ ವಿಷಯ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಮೂರನೆಯ ಪುಟದಲ್ಲಿ ನಮ್ಮ ಲೇಖನದ ಉಲ್ಲೇಖ. ನನ್ನ ಹೆಸರು, ಪಕ್ಕದಲ್ಲಿ ಇವರ ಹೆಸರು, ಮೂವತ್ತಮೂರು ವರ್ಷ ಹಿಂದಿನ ಇಸವಿ. ಮನಸ್ಸು ಹಿಗ್ಗಿತು. ಮುಂದಿನ ಸಾಲು ಓದಿದೆ.

ಅದು ಹೇಳುವುದಿಷ್ಟು. ಗಿಡದ ಬೇರಿನೊಳಗೆ ಇರುವ ಶಿಲೀಂಧ್ರ ಹಾಗೇ ನೋಡಿದರೆ ಕಾಣುವುದಿಲ್ಲ. ಬೇರನ್ನು ನೀಲಿ ಬಣ್ಣದಲ್ಲಿ ಅದ್ದಿಟ್ಟರೆ ಅದು ಬಣ್ಣ ಹಿಡಿಯುತ್ತದೆ, ಆಗ ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ನಲವತ್ತು ನಿಮಿಷ ಅದ್ದಿಡಬೇಕೆಂದು ನಾವು ಬರೆದೆವು. ಬಡ ಮಣ್ಣಿನಲ್ಲಿ ಬೆಳೆದ ನೂರು ಬೇರುಗಳಲ್ಲಿ ಎಪ್ಪತ್ತಕ್ಕೆ ಈ ಶಿಲೀಂಧ್ರ ಇರುತ್ತದೆಂದು ತೋರಿಸಿದೆವು. ಆಮೇಲೆ ಎಲ್ಲರೂ ನಲವತ್ತೇ ನಿಮಿಷ ಅದ್ದಿದರು. ಈಗ ಈ ಹೆಸರಿಲ್ಲದ ಮಹಾಶಯ ಹೇಳುತ್ತಾನೆ: ಅಷ್ಟು ಹೊತ್ತು ಇಟ್ಟರೆ ಬೇರಿನ ತೊಗಟೆಯೂ ಬಣ್ಣ ಹೀರಿಕೊಳ್ಳುತ್ತದೆ, ಶಿಲೀಂಧ್ರವಲ್ಲದ್ದೂ ನೀಲಿಯಾಗಿ ಕಾಣುತ್ತದೆ, ಆದ್ದರಿಂದ ಆ ಎಪ್ಪತ್ತು ತಪ್ಪಿರಬಹುದು, ಎಲ್ಲವನ್ನೂ ಮತ್ತೆ ಎಣಿಸಲು ಮೂರು ವರ್ಷ ಬೇಕು. ಕೊನೆಗೆ ಒಂದು ಮಾತು: ‘ನಲವತ್ತು ನಿಮಿಷವೇ ಏಕೆ ಎಂದು ಮೂಲ ಲೇಖಕರು ಹೇಳಿಲ್ಲ. ಪರೀಕ್ಷಿಸಿಯೇ ನಿರ್ಧರಿಸಿರಬೇಕು.’

ನಾವು ಪರೀಕ್ಷಿಸಿರಲಿಲ್ಲ. ಚಹಾ ಕುಡಿಯಲು ಹೋಗಿದ್ದೆವು.

ಪ್ರಯೋಗಾಲಯ ನಡೆಸುತ್ತಿದ್ದ ನಮ್ಮ ಮೇಷ್ಟ್ರ ಪುಸ್ತಕದಲ್ಲಿ ಇದ್ದದ್ದು ಹದಿನೈದು ನಿಮಿಷ. ಆದರೆ ಕ್ಯಾಂಟೀನು ಮೈದಾನದ ಆಚೆ ತುದಿಯಲ್ಲಿತ್ತು. ಹೋಗಲು ಎಂಟು ನಿಮಿಷ, ಬರಲು ಎಂಟು. ಕ್ಯಾಂಟೀನಿನವನು ಒಂದೊಂದು ಲೋಟವನ್ನೂ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಚಹಾ ಸುರಿಯುವವನು. ಹೊರಗೆ ಒಂದು ಬೆಂಚಿತ್ತು. ಮೂರನೆಯವರು ಕೂತರೆ ವಾಲುತ್ತಿತ್ತು, ಆದ್ದರಿಂದ ಇಬ್ಬರೇ ಕೂರುತ್ತಿದ್ದೆವು, ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೆವು. ಇವರು ಆಗಿನ್ನೂ ‘ಇವರು’ ಆಗಿರಲಿಲ್ಲ. ಪಕ್ಕದ ಮೇಜಿನ, ಉದ್ದ ಕೈಯ, ಗಾಜಿನ ಸಾಮಾನು ಒಡೆಯುವ ಸಹೋದ್ಯೋಗಿ, ಅಷ್ಟೆ. ಬೇರುಗಳನ್ನು ಬಣ್ಣದಲ್ಲಿ ಅದ್ದಿ ಹೊರಟರೆ, ಮಾತು ಮುಗಿಸಿ ಬರುವಷ್ಟರಲ್ಲಿ ನಲವತ್ತು ನಿಮಿಷ. ಮೊದಲ ದಿನ ಹೆದರಿಕೊಂಡೇ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೇಷ್ಟ್ರೂ ಬಂದು ಬಗ್ಗಿ ನೋಡಿ, “ಆಹಾ, ಏನ್ ಬಣ್ಣ ಬಂದಿದೆ! ಎಷ್ಟೊತ್ತು ಇಟ್ರಿ?” ಎಂದರು. ನಾನು ಇವರ ಮುಖ ನೋಡಿದೆ, ಇವರು ಗಡಿಯಾರ ನೋಡಿದರು. “ನಲವತ್ತು ನಿಮಿಷ ಸಾರ್” ಎಂದರು, ಬಹಳ ಗಂಭೀರವಾಗಿ. ಅಂದಿನಿಂದ ನಲವತ್ತೇ ಆಯಿತು.

ಎರಡು ವರ್ಷ, ದಿನಕ್ಕೆ ನಲವತ್ತು ನಿಮಿಷ. ನನ್ನ ಬದುಕಿನಲ್ಲಿ ಅಷ್ಟು ನಕ್ಕದ್ದು ಮತ್ತೆ ಯಾವಾಗಲೂ ಇಲ್ಲ. ಮೈದಾನದ ಒಣ ಹುಲ್ಲಿನ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ.

ಜಾಲತಾಣ ಯಾವಾಗಲೋ ಹೊರಗೆ ಹಾಕಿತ್ತು. ಮತ್ತೆ ಒಳಗೆ ಹೋಗಲಿಲ್ಲ.

ಮಾರ್ಚ್ ೯, ಭಾನುವಾರ

ಮಗಳು ಬಂದಿದ್ದಳು. ಹಲ್ಲಿನ ಡಾಕ್ಟರು, ಯಾರ ಮುಖ ನೋಡಿದರೂ ಎಲ್ಲಿ ನೋವು ಎಂದು ಹುಡುಕುತ್ತಾಳೆ.

“ಏನಮ್ಮ, ಯಾರ ಮೇಲೆ ಕೋಪ?”

“ಯಾರ ಮೇಲೂ ಇಲ್ಲ. ಕಂಪ್ಯೂಟರ್ ನೋಡಿ ನೋಡಿ ತಲೆನೋವು.”

“ಬಿಟ್ಟುಬಿಡು. ನಿನಗ್ಯಾಕೆ ಈ ವಯಸ್ಸಲ್ಲಿ ಇದೆಲ್ಲ?”

ಬಾಯಿ ತುದಿಯವರೆಗೂ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ. ಗೌಪ್ಯ ಎಂದರೆ ಗೌಪ್ಯ. ಈ ಪುಸ್ತಕದಲ್ಲಿ ಬರೆಯುವುದೂ ತಪ್ಪೇ ಇರಬಹುದು, ಆದರೆ ಇದಕ್ಕೆ ಕಿವಿಯಿದೆಯೇ ಹೊರತು ಬಾಯಿಲ್ಲ. ನಮ್ಮಿಬ್ಬರ ಹೆಸರು ಜೊತೆಯಾಗಿ ಇರುವುದು ಎರಡೇ ಕಡೆ: ಮದುವೆಯ ನೋಂದಣಿ ಪುಸ್ತಕದಲ್ಲಿ, ಆ ಲೇಖನದಲ್ಲಿ. ನೋಂದಣಿ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಲೇಖನವನ್ನು ಇವತ್ತಿಗೂ ತೆರೆಯುತ್ತಾರೆ. ಏಳನೆಯದಕ್ಕೆ ಅನುದಾನ ಸಿಕ್ಕರೆ ಮೂರು ವರ್ಷದಲ್ಲಿ ಅದನ್ನು ತೆರೆಯುವುದು ನಗಲಿಕ್ಕೆ.

ಮಾರ್ಚ್ ೧೨, ಬುಧವಾರ

ಏಳನೆಯದಕ್ಕೆ ವರದಿ ಬರೆದೆ. ಮೂರು ಅಂಕ.

‘ಸ್ಥಾಪಿತ ವಿಧಾನವೊಂದನ್ನು ಪ್ರಶ್ನಿಸಲು ಬೇಕಾದ ಅನುಭವ ಅರ್ಜಿದಾರರಲ್ಲಿ ಕಾಣುವುದಿಲ್ಲ. ಹೊಸ ಜ್ಞಾನಕ್ಕಿಂತ ಹಳೆಯದರಲ್ಲಿ ತಪ್ಪು ಹುಡುಕುವ ಉತ್ಸಾಹವೇ ಹೆಚ್ಚು.’

ಒಳ್ಳೆಯ ಗದ್ಯ. ಎರಡು ಸಲ ಓದಿಕೊಂಡೆ. ಈ ಎರಡು ಸಾಲು ಸಾಕು, ಅರ್ಜಿ ಮೇಲೇಳುವುದಿಲ್ಲ. ಯಾರು ಬರೆದರೆಂದು ಯಾರಿಗೂ ಗೊತ್ತಾಗುವುದೂ ಇಲ್ಲ. ಕರಡು ಎಂದು ಉಳಿಸಿದ್ದೇನೆ, ನಾಳೆ ಸಲ್ಲಿಸುತ್ತೇನೆ.

ಮಾರ್ಚ್ ೧೩, ಗುರುವಾರ

ಸಲ್ಲಿಸಲಿಲ್ಲ. ವಿದ್ಯುತ್ ಇರಲಿಲ್ಲ.

ಹನ್ನೊಂದು ಗಂಟೆಗೇ ಬಂದಿತ್ತು. ಆದರೂ ಸಲ್ಲಿಸಲಿಲ್ಲ.

ಮಾರ್ಚ್ ೧೬, ಭಾನುವಾರ

ಟೈಮ್‌ಪೀಸ್‌ನ ಮನೆಗೆ ಹೋಗಿದ್ದೆ. ನಮ್ಮ ಪ್ರಯೋಗಾಲಯದ ಅಟೆಂಡರ್; ಅಲಾರಂ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದವನು, ಅದಕ್ಕೇ ಆ ಹೆಸರು. ಮೊಣಕಾಲು ನೋವೆಂದು ಕೇಳಿದ್ದೆ, ನೋಡಿ ಬರೋಣ ಎಂದು ಹೊರಟೆ. ಸುಳ್ಳು. ಯಾರಾದರೂ ಒಬ್ಬರು ನನ್ನ ಜೊತೆ ಕೂತು ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಹೇಳಬೇಕಾಗಿತ್ತು. ಅರ್ಜಿಯ ಬಗ್ಗೆ ಉಸಿರೆತ್ತಬಾರದೆಂದು ಮೆಟ್ಟಿಲ ಮೇಲೇ ನನಗೆ ನಾನೇ ಹೇಳಿಕೊಂಡೆ, ಎತ್ತಲೂ ಇಲ್ಲ.

ಅವನ ಹೆಂಡತಿ ಚಹಾ ತಂದಿಟ್ಟಳು. ಮೇಷ್ಟ್ರ ಕೆಮ್ಮು, ಸೋರುವ ನಲ್ಲಿ, ಇವರು ಒಡೆದ ಗಾಜುಗಳ ಲೆಕ್ಕ, ಒಂದೊಂದೇ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ನೀವಿಬ್ರೂ ಚಹಾಕ್ಕೆ ಹೋಗ್ತಿದ್ರಿ, ನಾನು ಬೇರು ಕಾಯ್ತಾ ಕೂತಿರ್ತಿದ್ದೆ. ಹದಿನೈದಕ್ಕೆ ಅಲಾರಂ ಹೊಡೀತಿತ್ತು ಮೇಡಂ. ನಾನೇ ಬಾಯಿ ಮುಚ್ಚಿಸ್ತಿದ್ದೆ.”

“ನೀನೇ ತೆಗೆದಿಡಬಹುದಿತ್ತಲ್ಲೋ.”

“ಮುಟ್ಟಬೇಡ ಅಂದಿದ್ರಲ್ಲ ನೀವು.” ಆಮೇಲೆ ಅವನೇ, ಮೊಣಕಾಲು ಸವರಿಕೊಳ್ಳುತ್ತಾ, ತೀರಾ ಸಾಮಾನ್ಯ ವಿಷಯವೆಂಬಂತೆ ಹೇಳಿದ. “ಲೇಖನ ಬಂದು ಒಂದು ವರ್ಷ ಆದ್ಮೇಲೆ ನಿಮ್ಮನೆ ಸಾರ್ ಒಂದು ಸೆಟ್ ಬೇರು ಹದಿನೈದಕ್ಕೇ ತೆಗೆಸಿದ್ರು. ನನ್ನ ಕೈಲೇ. ನೀವು ಬಡ್ತಿ ಸಂದರ್ಶನಕ್ಕೆ ಓದ್ತಾ ರಜಾದಲ್ಲಿದ್ರಿ.”

ಲೋಟ ಕೆಳಗಿಟ್ಟೆ. “ಆಮೇಲೆ?”

“ಎಣಿಸಿದ್ರು. ಮತ್ತೆ ಎಣಿಸಿದ್ರು. ಊಟಾನೇ ಮಾಡ್ಲಿಲ್ಲ ಅವತ್ತು. ‘ಸಂದರ್ಶನ ಮುಗೀಲಿ ಕಣೋ, ಆಮೇಲೆ ಹೇಳ್ತೀನಿ’ ಅಂದ್ರು. ಮುಗೀತು, ನಿಮಗೆ ಬಡ್ತಿ ಆಯ್ತು. ಆಮೇಲೆ ಪಾಪು ಆಯ್ತು. ಆಮೇಲೆ ಲೇಖನಕ್ಕೆ ಬಹುಮಾನ ಬಂತು. ಹೇಳೋಕೆ ಒಳ್ಳೆ ದಿನ ಯಾವುದು ಅಂತ ಸಾರ್ ಕಾಯ್ತಾನೇ ಇದ್ರು.”

“ಎಷ್ಟು ಬಂದಿತ್ತು?”

“ನನಗೇನು ಗೊತ್ತಾಗತ್ತೆ ಮೇಡಂ? ಆ ಸ್ಲೈಡಿನ ಪೆಟ್ಟಿಗೆ ಇಲ್ಲೇ ಇದೆ. ಎಸೀಬೇಡ ಅಂದಿದ್ರು, ಎಸೀಲಿಲ್ಲ.”

ಅಟ್ಟದಿಂದ ಅವನ ಹೆಂಡತಿಯೇ ಇಳಿಸಿಕೊಟ್ಟಳು. ಸ್ಲೈಡು ಇಡುವ ಮರದ ಪೆಟ್ಟಿಗೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ತೆರೆದಿಲ್ಲ.

ಮಾರ್ಚ್ ೧೭, ಸೋಮವಾರ

ಗೊತ್ತಿತ್ತು. ಇವರಿಗೆ ಗೊತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಸುಮ್ಮನೆ ಅತ್ತಿಂದಿತ್ತ ಓಡಾಡಿ ನಾಲ್ಕು ದಿನ ಕಳೆದೆ. ಅಡುಗೆ ಎರಡು ಸಲ ಸೀದಿತು. ಇವತ್ತು ಬೆಳಗ್ಗೆ ಪ್ರಯೋಗಾಲಯದವರು ಗುಜರಿಗೆ ಹಾಕಹೊರಟಾಗ ಇವರು ಮನೆಗೆ ಹೊತ್ತು ತಂದಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿ ಇಟ್ಟೆ. ಕನ್ನಡಿಗೆ ಬಿಸಿಲು ಹಿಡಿಸಲು ಅರ್ಧ ಗಂಟೆ ಹಿಡಿಯಿತು.

ಪೆಟ್ಟಿಗೆಯಲ್ಲಿ ನೂರು ಸ್ಲೈಡು, ಒಂದೊಂದು ಗಾಜಿನಲ್ಲೂ ಒಂದೊಂದು ಬೇರು. ಬಣ್ಣ ಸ್ವಲ್ಪ ಮಾಸಿದೆ, ಆದರೆ ನೋಡಬಹುದು. ನಮ್ಮವು ಕಡುನೀಲಿಯಾಗಿ, ನೋಡಲು ಸೊಗಸಾಗಿ ಇರುತ್ತಿದ್ದವು. ಇವು ಸಪ್ಪೆ. ಆದರೆ ಈ ಸಪ್ಪೆ ಬೇರಿನಲ್ಲಿ ಶಿಲೀಂಧ್ರದ ಎಳೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಸ್ಪಷ್ಟವಾಗಿ ಕಾಣುತ್ತದೆ. ಸಂಜೆಯವರೆಗೆ ಎಣಿಸಿದೆ. ಶಿಲೀಂಧ್ರ ಇದ್ದದ್ದು ನೂರರಲ್ಲಿ ನಲವತ್ತೊಂದಕ್ಕೆ, ಎಪ್ಪತ್ತಕ್ಕಲ್ಲ. ಆಮೇಲಷ್ಟೇ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ಇವರ ಚೀಟಿ ಓದಿದೆ. ‘೧೫ ನಿಮಿಷ. ೪೧.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹೇಳಬೇಕು.’

ಇಪ್ಪತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಕೂತು ಉಂಡರು. ನಾನು ಪ್ರತಿ ಸಭೆಯಲ್ಲೂ ಎದ್ದು ನಿಂತು ಎಪ್ಪತ್ತು, ಎಪ್ಪತ್ತು ಎಂದು ಹೇಳುವುದನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ನನ್ನ ಮನಸ್ಸು ನೋಯಬಾರದೆಂದಂತೆ. ಯಾರು ಕೇಳಿದ್ದರು? ನಾನೇನು ಗಾಜಿನ ಸಾಮಾನೇ?

ಇವರ ಸುದ್ದಿ ಇವತ್ತಿಗೆ ಸಾಕು.

ಮಾರ್ಚ್ ೨೨, ಶನಿವಾರ

ಕರಡು ಅಳಿಸಿ ಹೊಸದಾಗಿ ಬರೆದೆ. ಒಂಬತ್ತು ಅಂಕ. ಒಂದೂವರೆ ಪುಟ. ನಲವತ್ತು ನಿಮಿಷಕ್ಕೆ ಯಾವ ಆಧಾರವೂ ಇಲ್ಲವೆಂದು, ಹದಿನೈದಕ್ಕೆ ಎಷ್ಟು ಬರುತ್ತದೆಂದು, ಎಲ್ಲ. ಬರೆದು ಹಗುರಾದೆ.

ಮಧ್ಯಾಹ್ನ ಮತ್ತೆ ಓದಿದೆ. ಇದೂ ಸರಿಯಲ್ಲ. ಮೂರು ಕೊಟ್ಟಾಗ ನನ್ನನ್ನು ಉಳಿಸಿಕೊಳ್ಳಲು ಕೊಟ್ಟೆ, ಒಂಬತ್ತು ಕೊಟ್ಟಾಗ ಇವರ ಮೇಲಿನ ಸಿಟ್ಟಿಗೆ ಕೊಟ್ಟೆ. ಏಳನೆಯವರ ಕೆಲಸ ನಿಜಕ್ಕೂ ಎಷ್ಟಕ್ಕೆ ಯೋಗ್ಯ ಎಂದು ನಾನು ಇನ್ನೂ ನೋಡಿಯೇ ಇಲ್ಲ. ನನ್ನಿಂದ ನೋಡಲಿಕ್ಕೂ ಆಗದು. ಆದರೆ ನಾನು ಕೈ ಬಿಟ್ಟರೆ ಅದು ಇನ್ಯಾರ ಕೈಗೆ ಹೋಗುತ್ತದೋ. ನಮ್ಮ ನಲವತ್ತು ನಿಮಿಷದ ಮೇಲೆ ಹೆಸರು ಮಾಡಿಕೊಂಡವರು ಕಡಿಮೆಯಿಲ್ಲ.

ಮಾರ್ಚ್ ೨೪, ಸೋಮವಾರ

ಸಹಾಯವಾಣಿಗೆ ಫೋನು ಮಾಡಿದೆ. ಹೆಂಗಸಿನ ದನಿ, ಶೀತ ಆಗಿತ್ತು ಪಾಪ.

“ಏಳನೇ ಅರ್ಜಿಯಲ್ಲಿ ನನ್ನ ಹಿತಾಸಕ್ತಿ ಇದೆ ಅಂತ ಹೇಳಬೇಕಮ್ಮ. ಮೊದಲು ಇಲ್ಲ ಅಂತ ಒತ್ತಿಬಿಟ್ಟಿದ್ದೀನಿ.”

“ಒಂದ್ನಿಮಿಷ ಮೇಡಂ. ಆ ಬಟನ್ ಎಲ್ಲಿದೆ ಅಂತ ನಾನೂ ಹುಡುಕಬೇಕು. ಇದುವರೆಗೂ ಯಾರೂ ಕೇಳಿಲ್ಲ.”

ಹುಡುಕಿದಳು. ಮೂರು ಪುಟ ಹಿಂದೆ, ಸಣ್ಣ ಅಕ್ಷರದಲ್ಲಿ ಇತ್ತು.

“ಒತ್ತಿದ್ರೆ ಅರ್ಜಿ ನಿಮಗೆ ಮತ್ತೆ ಕಾಣಲ್ಲ ಮೇಡಂ. ನೀವು ಬರೆದಿದ್ದೂ ಅಳಿಸಿಹೋಗತ್ತೆ. ಕಚೇರಿಗೆ ಮಾತ್ರ ಕಾರಣ ಬರೀಬಹುದು, ಇನ್ನೂರು ಅಕ್ಷರ.”

“ಮುಂದೆ ಅದಕ್ಕೆ ಏನಾಯ್ತು ಅಂತ ಗೊತ್ತಾಗತ್ತಾ?”

“ಇಲ್ಲ ಮೇಡಂ.”

ಬರೆದೆ: ‘ಪ್ರಶ್ನೆಗೆ ಒಳಗಾಗಿರುವ ಲೇಖನ ನನ್ನದು. ಒಳಗೆ ನೋಡದೆ ಮೊದಲ ದಿನ ಇಲ್ಲ ಎಂದದ್ದು ನನ್ನ ತಪ್ಪು. ಆ ವಿಧಾನವನ್ನು ಬಳಸಿದವರಿಗೆ ಇದನ್ನು ಕಳಿಸಬೇಡಿ.’ ಒತ್ತಿದೆ. ಪಟ್ಟಿಯಲ್ಲಿ ಆರರ ಕೆಳಗೆ ಎಂಟು ಬಂದು ಕೂತಿತು. ಏಳು ಎಂಬುದು ಇತ್ತು ಎನ್ನುವ ಗುರುತೂ ಇಲ್ಲ. ಬಹಳ ಹೊತ್ತು ನೋಡುತ್ತಾ ಕೂತೆ. ಇವತ್ತು ಹೊರಗೆ ಹಾಕಿದ್ದಕ್ಕೆ ಬೇಜಾರಾಗಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಹನ್ನೊಂದೂ ಮುಗಿಯಿತು. ಎರಡನೆಯದನ್ನು ಮತ್ತೆ ಓದಿದೆ. ‘ಪರಿವರ್ತನಕಾರಿ’ಯನ್ನು ದಾಟಿಕೊಂಡು ಓದಿದರೆ ಒಳಗೆ ಒಳ್ಳೆಯ ಯೋಚನೆಯಿದೆ. ಏಳು ಅಂಕ. ‘ನಿಮ್ಮ ಎರಡನೆಯ ಪ್ರಯೋಗದಲ್ಲಿ ಇಷ್ಟೇ ಸಮಯ ಏಕೆ ಎಂದು ತಿಳಿಸಿ’ ಎಂದು ಬರೆದೆ. ಪಾಸ್‌ವರ್ಡು ಈಗ ನೋಡಿಕೊಳ್ಳದೆ ಹಾಕುತ್ತೇನೆ.

ಮಾರ್ಚ್ ೩೦, ಭಾನುವಾರ

ನಮ್ಮ ಲೇಖನ ಪ್ರಕಟಿಸಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಅರ್ಜಿಯ ಒಂದಕ್ಷರವೂ ಅದರಲ್ಲಿ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಚಹಾ ನಮ್ಮದು, ತಪ್ಪು ನಮ್ಮದು, ನಲವತ್ತೊಂದನ್ನು ಎಣಿಸಿದ್ದು ಇವರು, ಆಮೇಲೆ ನಾನು. ಬರೆದದ್ದು ಇಷ್ಟೇ: ನಲವತ್ತು ನಿಮಿಷವನ್ನು ನಾವು ಪರೀಕ್ಷಿಸಿ ಆರಿಸಲಿಲ್ಲ, ಅದು ನಮ್ಮ ಬಿಡುವಿನ ಅವಧಿಯಾಗಿತ್ತು, ಹದಿನೈದು ನಿಮಿಷಕ್ಕೆ ತೆಗೆದ ನೂರು ಸ್ಲೈಡು ನನ್ನ ಬಳಿ ಇವೆ, ಕೇಳಿದವರಿಗೆ ಕೊಡುತ್ತೇನೆ. ಏಳನೆಯವರೂ ಎಲ್ಲೋ ಕೂತು ಇದನ್ನು ಓದುತ್ತಾರೆ. ಅಷ್ಟು ಸಾಕು.

ಕಳಿಸುವ ಮೊದಲು ಮಗಳಿಗೆ ತೋರಿಸಿದೆ. ಇದನ್ನು ತೋರಿಸಬಹುದು, ಇದು ನನ್ನದು. ನಿಂತುಕೊಂಡೇ ಓದಿದಳು.

“ಅಪ್ಪನ ಹೆಸರೂ ಇದೆಯಲ್ಲಮ್ಮ. ಯಾರು ಕೇಳಿದ್ರು ಈಗ ಇದನ್ನೆಲ್ಲ?”

“ಯಾರೂ ಕೇಳಲಿಲ್ಲ.”

“ಎಲ್ಲರೂ ಮರೆತಿರೋದನ್ನ ನೀನೇ ಎತ್ತಿ ಕೊಡ್ತಿದ್ದೀಯ. ಅಪ್ಪ ಇಲ್ಲ, ಅವರ ಮೇಲೆ ತಪ್ಪು ಬರತ್ತೆ.”

“ನಿಮ್ಮಪ್ಪನ ಮೇಲೆ ಯಾಕೆ ಬರತ್ತೆ? ಅವತ್ತು ಮೊದಲು ಎದ್ದು, ಬನ್ನಿ ಚಹಾ ಕುಡಿಯೋಣ ಅಂದಿದ್ದು ನಾನು.”

ಇದನ್ನು ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಇವರು ಕರೆದರು ಎಂದೇ ಹೇಳಿಕೊಂಡು ಬಂದಿದ್ದೆ. ಅವಳು ನನ್ನ ಮುಖವನ್ನು ಒಂದು ನಿಮಿಷ ನೋಡಿ, ನಕ್ಕು, ಲೋಟ ತೊಳೆಯಲು ಒಳಗೆ ಹೋದಳು.

ಪತ್ರಿಕೆಯವರ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಉಳಿದಿತ್ತು: ‘ಈ ತಿದ್ದುಪಡಿಗೆ ಸಹಲೇಖಕರ ಒಪ್ಪಿಗೆ ಇದೆಯೇ?’ ಹೌದು, ಇಲ್ಲ, ಎರಡೇ. ತೀರಿಕೊಂಡವರಿಗೆಂದು ಮೂರನೆಯದಿಲ್ಲ. ಈ ಸಲ ಟಪಕ್ಕನೆ ಒತ್ತಲು ಬೆರಳು ಏಳಲಿಲ್ಲ. ಎದುರಿನ ಖಾಲಿ ಕುರ್ಚಿ ನೋಡಿದೆ. ಎರಡು ವಾರದಿಂದ ಒಳಗೊಳಗೇ ಕುದಿಯುತ್ತಿದ್ದದ್ದು ಒಮ್ಮೆಲೇ ಬಾಯಿಗೆ ಬಂತು.

“ಇಪ್ಪತ್ತೆಂಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ! ನಾನೇನು ಮುರಿದುಹೋಗ್ತಿದ್ನಾ? ಒಂದು ಮಾತು ಹೇಳಿದ್ರೆ ಇಬ್ರೂ ಕೂತು ಮತ್ತೆ ಎಣಿಸ್ತಿದ್ವಿ. ಈಗ ನೋಡಿ, ಒಬ್ಬಳೇ ಎಣಿಸಬೇಕಾಯ್ತು!”

ಇವರು ಹೋದ ಮೇಲೆ ಮೊದಲ ಸಲ ಇವರ ಮೇಲೆ ಇಷ್ಟು ಜೋರಾಗಿ ರೇಗಿದ್ದು.

“ಯಾರ ಜೊತೆ ಜಗಳಾಮ್ಮ?” ಮಗಳು ಒಳಗಿನಿಂದ ಕೂಗಿದಳು.

“ನಿಮ್ಮಪ್ಪನ ಜೊತೆ.”

ಒಳಗೆ ನಲ್ಲಿಯ ಸದ್ದು ನಿಂತಿತು.

“ಏನಂತೆ?”

“ಒಪ್ಪಿದ್ರಂತೆ” ಎಂದು ‘ಹೌದು’ ಒತ್ತಿದೆ.